ವಿಜ್ಞಾನ ಮೇಳಕ್ಕೆ ಭೂವಿಜ್ಞಾನದ ಮಾಹಿತಿ ಪುಕ್ಕಟೆ ಎಲ್ಲಿ ಸಿಗುತ್ತದೆ?

ನಿಮ್ಮ ಮಗಳು ಗದಗಿನಲ್ಲಿ 8ನೇ ತರಗತಿ, ಮೇಳಕ್ಕೆ ಇನ್ನು ಮೂರು ವಾರ, ದುಡ್ಡು ಕಟ್ಟದೆ ಮಾಹಿತಿ ಬೇಕು ಅಂದಿದ್ದೀರಿ. ಮೊದಲು ಒಂದು ಮಾತು: ಸೋಡಾ ಹಾಕಿ ಉಕ್ಕಿಸುವ ಜ್ವಾಲಾಮುಖಿ ಬೇಡ. ಪ್ರತಿ ಮೇಳದಲ್ಲೂ ನಾಲ್ಕು ಇರುತ್ತವೆ, ಅಲ್ವಾ?

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯ ‘ಭೂಕೋಶ್’ ತಾಣದಲ್ಲಿ ಕಲ್ಲು, ಖನಿಜಗಳ ನಕ್ಷೆ ಸಿಗುತ್ತದೆ. ನಿಮ್ಮ ಗದಗ ಜಿಲ್ಲೆಯ ಕಪ್ಪತಗುಡ್ಡದ ಸುತ್ತ ಹಿಗ್ಗಿಸಿ ನೋಡಿ. ಅದು ಗದಗ ಶಿಸ್ಟ್ (ಪದರ ಪದರವಾಗಿ ಸೀಳುವ ಕಲ್ಲು) ಪಟ್ಟಿಗೆ ಸೇರಿದ್ದು, ಅಲ್ಲಿನ ಕಲ್ಲಿಗೆ 250 ಕೋಟಿ ವರ್ಷಕ್ಕೂ ಜಾಸ್ತಿ ವಯಸ್ಸು. ಇಂಥ ಹಳೆಯ ಕಲ್ಲುಗಳಿರುವ ಇಡೀ ಭೂಭಾಗಕ್ಕೆ ವಿಜ್ಞಾನಿಗಳು ಇಟ್ಟ ಹೆಸರು ‘ಧಾರವಾಡ ಕ್ರೇಟಾನ್’. ಕ್ರೇಟಾನ್ ಅಂದರೆ ಬಹಳ ಹಳೆಯ, ಗಟ್ಟಿಯಾಗಿ ನಿಂತ ಭೂಭಾಗ; ಹೆಸರು ನಮ್ಮ ಪಕ್ಕದ ಊರಿನದೇ. ಉಪಗ್ರಹ ಚಿತ್ರಕ್ಕೆ ಇಸ್ರೋದ ‘ಭುವನ್’ ಇದೆ. ಭೂಕಂಪದ ವಿಷಯವಾದರೆ ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯಾದ ಯುಎಸ್‌ಜಿಎಸ್‌ನ ತಾಣದಿಂದ ಕಳೆದ 30 ದಿನಗಳ ಪಟ್ಟಿ ಇಳಿಸಿಕೊಂಡು ಎಕ್ಸೆಲ್‌ನಲ್ಲಿ ಗ್ರಾಫ್ ಮಾಡಬಹುದು. ಇಂಗ್ಲಿಷಿನಲ್ಲಿದೆ, ಸ್ವಲ್ಪ ಜೊತೆಗೆ ಕೂರಬೇಕಾಗುತ್ತದೆ.

ನನ್ನನ್ನು ಕೇಳಿದರೆ ಮಣ್ಣೇ ಒಳ್ಳೇದು. ಎರೆ (ಕಪ್ಪು) ಮಣ್ಣು, ಮಸಾರಿ (ಕೆಂಪು) ಮಣ್ಣು ಎರಡನ್ನೂ ಒಣಗಿಸಿ, ಪುಡಿ ಮಾಡಿ, ಒಂದೇ ಅಳತೆಯ ಗಾಜಿನ ಲೋಟಕ್ಕೆ ಅರ್ಧರ್ಧ ಹಾಕಿ, ನೀರು ಹಾಕಿ ಮರುದಿನ ಎತ್ತರ ಅಳೆಯಲಿ. ಎರೆ ಉಬ್ಬಿರುತ್ತದೆ. ಅದರಲ್ಲಿರುವ ಮಾಂಟ್‌ಮೊರಿಲೊನೈಟ್ ಅನ್ನೋ ಜೇಡಿ ತನ್ನ ಪದರಗಳ ನಡುವೆ ನೀರು ಎಳೆದುಕೊಳ್ಳುತ್ತದೆ. ಬೇಸಿಗೆಯಲ್ಲಿ ಅದೇ ಕುಗ್ಗಿ ಹೊಲ ಬಿರುಕು ಬಿಡುವುದು. ತೀರ್ಪುಗಾರರು ‘ಯಾಕೆ?’ ಅಂತ ಕೇಳೇ ಕೇಳುತ್ತಾರೆ, ಅದನ್ನು ಸುಮ್ನೆ ಬಾಯಿಪಾಠ ಮಾಡಿಸಬೇಡಿ, ಅವಳೇ ಚಿತ್ರ ಬರೆದು ಹೇಳಲಿ.