ಹೊಸ ಬಣ್ಣದಡಿಯಿಂದ ಮೂಡುವ ಹಳದಿ-ಕಂದು ಕಲೆ

ಕೊಳ್ಳಲು ನೋಡಿದ ಮನೆಯ ಬಚ್ಚಲಲ್ಲಿ ಹೊಸ ಬಣ್ಣದ ಮೇಲೂ ಹಳದಿ-ಕಂದು ಕಲೆ ಮೂಡುತ್ತಿದೆ, ಹಿಂದೆ ಅಲ್ಲಿ ಮೆತ್ (ಮೆಥಾಂಫೆಟಮೈನ್ ಎಂಬ ಮಾದಕವಸ್ತು) ತಯಾರಿಸಿರಬಹುದೇ ಎಂದು ಕೇಳಿದ್ದೀರಿ. ತೇವ, ಸಿಗರೇಟ್ ಹೊಗೆಯಿಂದಲೂ ಹೀಗಾಗುತ್ತದೆ. ಕಲೆ ಮೆತ್ ತಯಾರಿಸುವ ಕೆಲವು ವಿಧಾನಗಳಲ್ಲಿ ಬಳಸುವ ಅಯೋಡಿನ್‌ನದಾಗಿದ್ದರೆ ಗಂಜಿನೀರು ಸೋಕಿಸಿದಾಗ ಕಡುನೀಲಿಗೆ ತಿರುಗಬಹುದು. ತಿರುಗದಿದ್ದರೆ ಮನೆ ಶುದ್ಧ ಎಂದರ್ಥವಲ್ಲ, ಅಯೋಡಿನ್ ಇಲ್ಲದ ವಿಧಾನಗಳೂ ಇವೆ. ಸಿಂಕಿನಲ್ಲಿ ಆಸಿಡ್ ತಿಂದ ಗುರುತು, ಕಳಚಿಟ್ಟ ಹೊಗೆ ಅಲಾರಂ, ಹಿತ್ತಲಲ್ಲಿ ಸುಟ್ಟ ಗುಂಡಿ ಇವೆಯೇ ನೋಡಿ. ಹಿತ್ತಾಳೆ ವಾಲ್ವ್ ನೀಲಿಗಟ್ಟಿದ ಗ್ಯಾಸ್ ಸಿಲಿಂಡರ್ ಕಂಡರೆ ಮಾತ್ರ ಮುಟ್ಟಲೇಬೇಡಿ: ಒಳಗೆ ಅಮೋನಿಯಾ ಇದ್ದರೆ ಕೊರೆದುಹೋದ ವಾಲ್ವ್ ಸಿಡಿಯಬಹುದು.

ಖಚಿತ ಉತ್ತರ ಲ್ಯಾಬಿನದೇ. ಪರಿಣತರು 10×10 ಸೆಂ.ಮೀ. ಜಾಗವನ್ನು ಮೆಥನಾಲ್‌ನಲ್ಲಿ ನೆನೆಸಿದ ಬಟ್ಟೆಯಿಂದ ಒರೆಸಿ ಮಾದರಿ ತೆಗೆಯುತ್ತಾರೆ. ಹೊಸ ಬಣ್ಣ ಬಳಿಯದ ಕಡೆ, ಅಂದರೆ ಫ್ಯಾನ್ ರೆಕ್ಕೆಯ ಮೇಲ್ಭಾಗ, ಎಸಿ ಡಕ್ಟಿನ ಒಳಗಿನಿಂದ ತೆಗೆಸಿ. ವರದಿ ಬರುವವರೆಗೆ ಮುಂಗಡ ಕೊಡಬೇಡಿ.