ಒಂಟಾರಿಯೊದಲ್ಲಿ ಎಒಡಿಎ ತರಬೇತಿಯನ್ನು ಸುಮ್ಮನೆ ಕ್ಲಿಕ್ ಮಾಡಿ ಮುಗಿಸಿದರೆ ಸಾಲದೇ?

ಕೆನಡಾದ ಒಂಟಾರಿಯೊ ಪ್ರಾಂತ್ಯದ ಮಿಸ್ಸಿಸಾಗಾದಲ್ಲಿ ಗೋದಾಮೊಂದಕ್ಕೆ ಸೂಪರ್‌ವೈಸರ್ ಆಗಿ ಹೊಸದಾಗಿ ಸೇರಿದ್ದೀರಿ. ಎಚ್‌ಆರ್‌ನವರು ಎಒಡಿಎ (ಅಂಗವಿಕಲರಿಗೂ ಎಲ್ಲವೂ ಎಟುಕುವಂತೆ ಮಾಡುವ ಒಂಟಾರಿಯೊ ಕಾಯ್ದೆ) ಮತ್ತು ಹ್ಯೂಮನ್ ರೈಟ್ಸ್ ಕೋಡ್ (ತಾರತಮ್ಯ ತಡೆಯುವ ಪ್ರಾಂತ್ಯದ ಕಾನೂನು) ತರಬೇತಿಯ ಲಿಂಕ್ ಕಳಿಸಿದ್ದಾರೆ. "ನನ್ನ ತಂಡದಲ್ಲಿ ಅಂಗವಿಕಲರು ಯಾರೂ ಇಲ್ಲ, ನೆಕ್ಸ್ಟ್ ನೆಕ್ಸ್ಟ್ ಒತ್ತಿ ಸರ್ಟಿಫಿಕೇಟ್ ತಗೊಂಡರೆ ಆಯ್ತಲ್ಲ" ಅಂತ ಕೇಳಿದ್ದೀರಿ. ನಾನೂ ಇದೇ ಸೀಮೆಯಲ್ಲಿ ಇಂಥದ್ದೇ ಕೆಲಸದಲ್ಲಿದ್ದೇನೆ, ಹೊಸಬರನ್ನು ಈ ತರಬೇತಿಗೆ ಕೂರಿಸುವ ಕೆಲಸವೂ ನನ್ನ ತಲೆಗೇ ಬರುತ್ತೆ.

ಯಾರೂ ಇಲ್ಲ ಅಂತ ನಿಮಗೆ ಹೇಗೆ ಗೊತ್ತು? ಒಂಟಾರಿಯೊ ಕೋಡ್‌ನಲ್ಲಿರುವ ಅಂಗವೈಕಲ್ಯದ ವಿವರಣೆ ತೆಗೆದು ನೋಡಿ. ಸಕ್ಕರೆ ಕಾಯಿಲೆ, ಮೂರ್ಛೆ ರೋಗ, ಮಾನಸಿಕ ಕಾಯಿಲೆ, ಕಲಿಕೆಯ ತೊಂದರೆ, ಕೆಲಸದಲ್ಲಿ ಪೆಟ್ಟಾಗಿ ಡಬ್ಲ್ಯುಎಸ್‌ಐಬಿ (ಅಂಥವರಿಗೆ ಪರಿಹಾರ ಕೊಡುವ ಪ್ರಾಂತ್ಯದ ಮಂಡಳಿ) ಪರಿಹಾರ ಕೇಳಿದವರ ಗಾಯ, ಎಲ್ಲವೂ ಅಲ್ಲಿದೆ. ಬರೀ ಸಕ್ಕರೆ ಕಾಯಿಲೆಯೊಂದನ್ನೇ ಹಿಡಿದರೂ ನಮ್ಮ ಕನ್ನಡ ಬಳಗದ ಅರ್ಧ ಜನ ಈ ಪಟ್ಟಿಯೊಳಗೆ ಬಂದಾರು.

ಊರಿನಿಂದ ಬಂದವರಿಗೆ ಇದು ಬೇಗ ತಲೆಗೆ ಹತ್ತುವುದಿಲ್ಲ, ಅದಕ್ಕೆ ಕಾರಣವೂ ಇದೆ. ನಮ್ಮಲ್ಲಿ ಅಂಗವೈಕಲ್ಯ ಅಂದ ಕೂಡಲೇ ಪರ್ಸೆಂಟೇಜ್ ನೆನಪಾಗುತ್ತೆ. ಭಾರತದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಸರ್ಕಾರಿ ಕೆಲಸದ ಮೀಸಲಾತಿ ಬೇಕೆಂದರೆ ಕನಿಷ್ಠ 40 ಪರ್ಸೆಂಟ್ ಇರಬೇಕು, ಅದಕ್ಕೆ ಜಿಲ್ಲಾಸ್ಪತ್ರೆ, ಮೆಡಿಕಲ್ ಬೋರ್ಡು, ಯುಡಿಐಡಿ ಕಾರ್ಡು (ಅಂಗವಿಕಲರ ಗುರುತಿನ ಚೀಟಿ) ಅಂತ ಓಡಾಟ. ಇಲ್ಲಿ ಸೂಪರ್‌ವೈಸರ್ ಆಗಿ ನೀವು ಪರ್ಸೆಂಟೂ ಕೇಳುವಂತಿಲ್ಲ, ಸಾಮಾನ್ಯವಾಗಿ ಕಾಯಿಲೆಯ ಹೆಸರನ್ನೂ ಕೇಳುವಂತಿಲ್ಲ. ಯಾವ ಕೆಲಸ ಮಾಡಲು ಆಗುತ್ತೆ, ಯಾವುದು ಆಗಲ್ಲ, ಏನು ವ್ಯವಸ್ಥೆ ಬೇಕು, ಎಷ್ಟು ದಿನಕ್ಕೆ ಬೇಕು, ಇಷ್ಟೇ ನಿಮಗೆ ಸಂಬಂಧಪಟ್ಟಿದ್ದು. ಡಾಕ್ಟರ್ ನೋಟ್‌ನಲ್ಲೂ ಅಷ್ಟಿದ್ದರೆ ಸಾಕು. "ಏನಾಗಿದೆ ನಿಂಗೆ?" ಅಂತ ಅಕ್ಕರೆಯಿಂದ ಕೇಳುವುದು ನಮ್ಮ ಸ್ವಭಾವ, ಇಲ್ಲಿ ಅದೇ ಮಾತು ಕುತ್ತಿಗೆಗೆ ಬರಬಹುದು.

ಒಂದು ಉದಾಹರಣೆ ಹೇಳ್ತೀನಿ. ನಾನು ಕಂಡ ಒಂದು ಗೋದಾಮಿನಲ್ಲಿ ಶಿಫ್ಟ್ ಶುರುವಾಗುವ ಮೊದಲು ಕನ್ವೇಯರ್ ಪಕ್ಕದಲ್ಲೇ ಎಲ್ಲರನ್ನೂ ನಿಲ್ಲಿಸಿ ಯಾವ ಟ್ರಕ್ ಯಾವ ಡಾಕ್‌ಗೆ ಅಂತ ಕೂಗಿ ಹೇಳುತ್ತಿದ್ದರು. ಹಿಂದೆ ನಿಂತ ಒಬ್ಬರು ಎಲ್ಲದಕ್ಕೂ ತಲೆಯಾಡಿಸಿ, ಆಮೇಲೆ ಬೇರೆ ಡಾಕ್‌ಗೆ ಹೋಗಿ ನಿಲ್ಲುತ್ತಿದ್ದರು. ಗಮನವಿಲ್ಲ, ಸೋಮಾರಿ ಅಂತ ವಾರ್ನಿಂಗ್ ಲೆಟರ್ ಕೂಡ ತಯಾರಾಗಿತ್ತು. ಪಕ್ಕಕ್ಕೆ ಕರೆದು ವಿಚಾರಿಸಿದಾಗ ಗೊತ್ತಾಗಿದ್ದು, ಒಂದು ಕಿವಿ ಪೂರ್ತಿ ಕೇಳಿಸಲ್ಲ, ಇನ್ನೊಂದರದು ಆ ಗದ್ದಲದಲ್ಲಿ ಉಪಯೋಗಕ್ಕೆ ಬರಲ್ಲ. ಡಾಕ್ ನಂಬರುಗಳನ್ನು ವೈಟ್‌ಬೋರ್ಡಿನಲ್ಲಿ ಬರೆಯಲು ಶುರುಮಾಡಿದರು, ಮಾತನ್ನು ಊಟದ ಕೋಣೆಯೊಳಗೆ ಸಾಗಿಸಿದರು. ಖರ್ಚು ಒಂದು ಮಾರ್ಕರ್ ಪೆನ್ನಿನದು. ಇಂಗ್ಲಿಷ್ ಅಷ್ಟಕ್ಕಷ್ಟೇ ಇದ್ದ ಪಂಜಾಬಿ ಹುಡುಗರಿಗೂ ಆ ಬೋರ್ಡು ಉಪಕಾರವಾಯಿತು.

ಆ ಮನುಷ್ಯ ತಾನಾಗಿ ಏನೂ ಕೇಳಿರಲಿಲ್ಲ ಅನ್ನುವುದನ್ನು ಗಮನಿಸಿ. ಏನೋ ತೊಂದರೆಯಿದೆ ಅಂತ ಮೇಲ್ನೋಟಕ್ಕೇ ಕಾಣುತ್ತಿದ್ದರೆ ಶಿಕ್ಷೆಗೆ ಮುಂಚೆ ವಿಚಾರಿಸುವ ಹೊಣೆ ಮಾಲೀಕರದು.

ಕಾನೂನಿನ ಲೆಕ್ಕ ಹೀಗಿದೆ. ಎಒಡಿಎ 2005ರದು, 2025ರೊಳಗೆ ಇಡೀ ಪ್ರಾಂತ್ಯ ಎಲ್ಲರಿಗೂ ಎಟುಕುವಂತಾಗಬೇಕು ಅಂತ ಮಾಡಿದ್ದು. (ಆಗಿಲ್ಲ. ಹಳೇ ಪ್ಲಾಜಾಗಳ ಬಾಗಿಲ ಮುಂದಿನ ಒಂದೊಂದು ಮೆಟ್ಟಿಲನ್ನು ನೋಡಿದರೆ ಸಾಕು.) ನಿಮ್ಮ ತರಬೇತಿ ಕಡ್ಡಾಯವಾಗಿರುವುದು ಇದರ 191/11 ನಿಯಮದಿಂದ. ಒಬ್ಬನೇ ನೌಕರ ಇದ್ದರೂ ಬಿಡುವಂತಿಲ್ಲ, ಸಂಬಳವಿಲ್ಲದ ಸ್ವಯಂಸೇವಕರಿಗೂ ಕೊಡಬೇಕು. ಆದರೆ ಒಬ್ಬ ವ್ಯಕ್ತಿಗೆ ಅನ್ಯಾಯವಾದರೆ ಪರಿಹಾರ ಸಿಗುವುದು ಎಒಡಿಎಯಿಂದಲ್ಲ, ಕೋಡ್‌ನಿಂದ. 1962ರ ಆ ಕೋಡ್‌ಗೆ ಅಂಗವೈಕಲ್ಯ ಸೇರಿದ್ದು 1982ರಲ್ಲಿ. ಘಟನೆಯಾದ ಒಂದು ವರ್ಷದೊಳಗೆ ಮಾನವ ಹಕ್ಕುಗಳ ಟ್ರಿಬ್ಯೂನಲ್‌ಗೆ ಅರ್ಜಿ ಹಾಕಬಹುದು. ಹಾಗಾಗಿ ಸ್ಲೈಡುಗಳಲ್ಲಿ ವೀಲ್‌ಚೇರ್, ಗೈಡ್ ಡಾಗ್ ಭಾಗವನ್ನು ಬೇಗ ದಾಟಿದರೂ ಕೋಡ್ ಭಾಗಕ್ಕೆ ಬಂದಾಗ ನಿಧಾನಿಸಿ.

ಅಲ್ಲಿ ಅನ್‌ಡ್ಯೂ ಹಾರ್ಡ್‌ಶಿಪ್, ಅಂದರೆ ಮಾಲೀಕರಿಗೆ ಮಿತಿಮೀರಿದ ಹೊರೆ, ಅಂತ ಬರುತ್ತೆ. ವ್ಯವಸ್ಥೆ ಮಾಡಿಕೊಡಲು ಆಗಲ್ಲ ಅನ್ನಬೇಕಾದರೆ ಮಾಲೀಕರು ತೋರಿಸಬಹುದಾದ್ದು ಮೂರೇ: ಖರ್ಚು, ಹೊರಗಿನಿಂದ ಹಣ ಸಿಗುತ್ತದೋ ಇಲ್ಲವೋ ಅನ್ನುವುದು, ಆರೋಗ್ಯ ಮತ್ತು ಸುರಕ್ಷತೆ. ಪುರಾವೆಯೂ ಬೇಕು. "ಅವನಿಗೆ ಲೈಟ್ ಡ್ಯೂಟಿ ಕೊಟ್ಟರೆ ಉಳಿದವರು ಗೊಣಗ್ತಾರೆ" ಅನ್ನುವುದು ಲೆಕ್ಕಕ್ಕಿಲ್ಲ. ಸೂಪರ್‌ವೈಸರ್‌ಗಳ ಬಾಯಲ್ಲಿ ಮೊದಲು ಬರುವುದೇ ಆ ಮಾತು, ನೋಡ್ತಾ ಇರಿ.

ಇನ್ನೊಂದು, ಬೆಂಕಿ ಅಲಾರಂ ಬಾರಿಸಿದಾಗ ಅಂಗವೈಕಲ್ಯದಿಂದ ನೆರವು ಬೇಕಾಗುವವರು ಹೊರಬರುವುದು ಹೇಗೆ ಅಂತ ಮೊದಲೇ ಅವರ ಜೊತೆ ಕೂತು ಬರೆದಿಡಬೇಕು. ನೆರವಿಗೆ ಯಾರು ಅನ್ನುವುದನ್ನೂ ಅವರ ಒಪ್ಪಿಗೆ ಪಡೆದೇ ಗೊತ್ತುಮಾಡಬೇಕು. ನಿಮ್ಮ ಎಚ್‌ಆರ್‌ನವರ ಹತ್ತಿರ ಇದಕ್ಕೆ ಫಾರಂ ಇದೆಯಾ ಕೇಳಿ.

ಗೆಳೆಯರು ಬ್ಯಾಂಕಿನಲ್ಲೋ ಏರ್‌ಲೈನ್‌ನಲ್ಲೋ ಇದ್ದು "ನಮಗೆ ಎಒಡಿಎ ಇಲ್ಲ" ಅಂದರೆ ಗೊಂದಲ ಬೇಡ. ಅವರದು ಫೆಡರಲ್ ವ್ಯಾಪ್ತಿ, 2019ರ ಆಕ್ಸೆಸಿಬಲ್ ಕೆನಡಾ ಆಕ್ಟ್ ಬೇರೆ ಇದೆ.

ಮತ್ತೆ, ಇದನ್ನು ರಾತ್ರಿ ಮನೆಯಲ್ಲಿ ಕೂತು ಬಿಟ್ಟಿಯಾಗಿ ಮುಗಿಸಬೇಡಿ. ಕಡ್ಡಾಯ ತರಬೇತಿಯ ಹೊತ್ತು ಕೆಲಸದ ಹೊತ್ತೇ, ಟೈಮ್‌ಶೀಟಿನಲ್ಲಿ ಹಾಕಿ. ಸರ್ಟಿಫಿಕೇಟಿನ ಒಂದು ಪ್ರತಿ ನಿಮ್ಮ ಮೇಲ್‌ಗೂ ಕಳಿಸಿಕೊಳ್ಳಿ, ಕೆಲಸ ಬದಲಿಸಿದರೆ ಅಲ್ಲೂ ಕೇಳಬಹುದು.