ನಲ್ಲಿ ನೀರಿಗೂ ಹ್ಯಾಕರ್ ಭಯವಾ? ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಾವು ಪಿಟ್ಸ್‌ಬರ್ಗ್ ಹತ್ತಿರ ಇದ್ದೇವೆ. ಪಕ್ಕದ ಅಲಿಕ್ವಿಪ್ಪ ಊರಿನ ನೀರಿನ ಪಂಪ್ ಹಿಂದೊಮ್ಮೆ ಹ್ಯಾಕ್ ಆಗಿತ್ತು ಅಂತ ಈಗ ಗೊತ್ತಾಯಿತು. ಮನೆಯಲ್ಲಿ ಒಂದೂವರೆ ವರ್ಷದ ಮಗು ಇದೆ. ನಲ್ಲಿ ನೀರು ಕುಡಿಸಲು ಭಯ. ಅಲ್ಲಿ ನಿಜಕ್ಕೂ ಆಗಿದ್ದೇನು?
(ಒಬ್ಬ ತಾಯಿ, ಪೆನ್ಸಿಲ್ವೇನಿಯ)

ಉತ್ತರ: ಆ ಘಟನೆಗೆ ಹೆದರಿ ನಲ್ಲಿ ನೀರು ಬಿಡಬೇಕಿಲ್ಲ. ಅವತ್ತು ಕುಡಿಯುವ ನೀರು ಕೆಡಲಿಲ್ಲ, ಸರಬರಾಜೂ ನಿಲ್ಲಲಿಲ್ಲ.

2023ರ ನವೆಂಬರ್ 25, ಶನಿವಾರ. ಅಲಿಕ್ವಿಪ್ಪದವರು ರಕೂನ್ ಮತ್ತು ಪಾಟರ್ ಎಂಬ ಎರಡು ಟೌನ್‌ಶಿಪ್‌ಗಳಿಗೆ ನೀರು ಒತ್ತಿ ಕಳಿಸುವ ಬೂಸ್ಟರ್ ಸ್ಟೇಷನ್‌ನಲ್ಲಿ ಅಲಾರ್ಮ್ ಹೊಡೆಯಿತು. ಅಲ್ಲಿ ಪಿಎಲ್‌ಸಿ ಅಂತ ಒಂದು ಡಬ್ಬಿ ಇರುತ್ತದೆ, ಮುಂದೆ ಪುಟ್ಟ ಪರದೆ. ಪೈಪಿನಲ್ಲಿ ಒತ್ತಡ ಇಳಿದರೆ ಪಂಪ್ ಚಾಲೂ ಮಾಡುವುದು, ಏರಿದರೆ ನಿಲ್ಲಿಸುವುದು ಅದರ ಕೆಲಸ. ಆ ಪರದೆಯ ಮೇಲೆ ಅವತ್ತು ಒತ್ತಡದ ಅಂಕಿಗಳ ಬದಲು ‘ನೀವು ಹ್ಯಾಕ್ ಆಗಿದ್ದೀರಿ’ ಅನ್ನುವ ಬರಹ ಇತ್ತು. ಯಂತ್ರ ಯೂನಿಟ್ರಾನಿಕ್ಸ್ ಎಂಬ ಇಸ್ರೇಲಿ ಕಂಪನಿಯದು, ದಾಳಿಗೆ ಅದೇ ಕಾರಣ. ಮಾಡಿದ ಗುಂಪಿಗೆ ಇರಾನಿನ ರೆವಲ್ಯೂಷನರಿ ಗಾರ್ಡ್ ಎಂಬ ಸೇನಾಪಡೆಯ ನಂಟಿದೆ ಎಂದು ಅಮೆರಿಕ ಸರ್ಕಾರ ಹೇಳಿತು. ಸಿಬ್ಬಂದಿ ಆಟೋ ಬಿಟ್ಟು ಪಂಪನ್ನು ಮ್ಯಾನುಯಲ್‌ಗೆ ಹಾಕಿದರು. ನೀರು ಹರಿಯುತ್ತಲೇ ಇತ್ತು.

ಹ್ಯಾಕರ್‌ಗಳು ದೊಡ್ಡ ಬುದ್ಧಿವಂತಿಕೆ ಮಾಡಿದರು ಅಂದುಕೊಳ್ಳಬೇಡಿ. ಆ ಯಂತ್ರಗಳಿಗೆ ಕಂಪನಿಯಿಂದ ಬರುವಾಗಲೇ ಇದ್ದ ಪಾಸ್‌ವರ್ಡ್ 1111. ಅದನ್ನು ಬದಲಿಸದೆ, ನೇರ ಇಂಟರ್ನೆಟ್‌ಗೆ ಸಿಕ್ಕಿಸಿ ಬಿಟ್ಟಿದ್ದ ಯಂತ್ರಗಳನ್ನು ಹುಡುಕಿ ಹುಡುಕಿ ಹೊಕ್ಕರು.

ನನಗೆ ಸಿಟ್ಟು ಬರುವುದು ಇನ್ನೊಂದು ವಿಷಯಕ್ಕೆ. ಅದೇ ವರ್ಷ ಮಾರ್ಚ್‌ನಲ್ಲಿ ಅಮೆರಿಕದ ಪರಿಸರ ಸಂಸ್ಥೆ ಇಪಿಎ, ನೀರಿನ ಘಟಕಗಳ ತಪಾಸಣೆ ಮಾಡುವಾಗ ಸೈಬರ್ ಸುರಕ್ಷತೆಯನ್ನೂ ನೋಡಿ ಅಂತ ರಾಜ್ಯಗಳಿಗೆ ಹೇಳಿತ್ತು. ಮಿಸ್ಸೌರಿ, ಅರ್ಕನ್ಸಾಸ್, ಅಯೋವಾ ರಾಜ್ಯಗಳು ಕೋರ್ಟಿಗೆ ಹೋದವು. ಖರ್ಚು ಸಣ್ಣ ಊರುಗಳ ತಲೆ ಮೇಲೆ ಬೀಳುತ್ತದೆ ಅನ್ನುವ ಅವರ ಮಾತಿನಲ್ಲಿ ಅರ್ಥ ಇತ್ತು, ಆದರೆ ದುಡ್ಡಿಗೆ ಬೇರೆ ದಾರಿ ಹುಡುಕುವ ಬದಲು ಅಕ್ಟೋಬರ್‌ನಲ್ಲಿ ಇಪಿಎ ಆ ಆದೇಶವನ್ನೇ ವಾಪಸ್ ತೆಗೆದುಕೊಂಡುಬಿಟ್ಟಿತು. ಮರು ತಿಂಗಳೇ ಅಲಿಕ್ವಿಪ್ಪ ಆಯಿತು! ನಿಮ್ಮ ಊರಿನ ನೀರಿನ ಮಂಡಳಿಯ ಸಭೆಗೆ ಹೋಗಿ ಎರಡೇ ಪ್ರಶ್ನೆ ಕೇಳಿ. ಪಂಪಿನ ಕಂಟ್ರೋಲರ್ ನೇರ ಇಂಟರ್ನೆಟ್‌ನಲ್ಲಿ ಇದೆಯಾ? ಅದು ಕೈಕೊಟ್ಟರೆ ಕೈಯಿಂದ ನಡೆಸಲು ಗೊತ್ತಿರುವವರು ಭಾನುವಾರವೂ ಸಿಗುತ್ತಾರಾ?

ಪ್ರಶ್ನೆ: ಫ್ಲೋರಿಡಾದಲ್ಲಿ ಹ್ಯಾಕರ್‌ಗಳು ನೀರಿಗೆ ವಿಷ ಬೆರೆಸಿ ಊರನ್ನೇ ಕೊಲ್ಲಲು ನೋಡಿದರು ಅಂತ ವಾಟ್ಸಾಪ್‌ನಲ್ಲಿ ಬಂತು. ನಿಜವಾ?
(ವಿದ್ಯಾರ್ಥಿ, ಶಿವಮೊಗ್ಗ)

ಉತ್ತರ: ಅರ್ಧ ನಿಜ. ಊರು ಓಲ್ಡ್ಸ್‌ಮಾರ್, ದಿನ 2021ರ ಫೆಬ್ರುವರಿ 5. ನೀರು ಹುಳಿಯಾಗಿ ಪೈಪ್ ತಿನ್ನದಿರಲಿ ಅಂತ ಸ್ವಲ್ಪ ಕಾಸ್ಟಿಕ್ ಸೋಡಾ ಹಾಕುತ್ತಾರೆ. ಅದರ ಸೆಟ್ಟಿಂಗ್ ಅವತ್ತು ದಿಢೀರನೆ ಹತ್ತು ಲಕ್ಷಕ್ಕೆ 100 ಭಾಗ ಇದ್ದದ್ದು 11,100 ಆಯಿತು. ತಾನು ಮುಟ್ಟದೆಯೇ ಮೌಸ್ ಬಾಣ ಪರದೆ ಮೇಲೆ ಓಡಾಡುವುದನ್ನು ಆಪರೇಟರ್ ಕಂಡು ತಕ್ಷಣ ಮೊದಲಿನಂತೆ ಮಾಡಿದರು ಅಂತ ಅಧಿಕಾರಿಗಳು ಹೇಳಿದರು. ಆ ನೀರು ಯಾರ ಮನೆಗೂ ಹೋಗಲಿಲ್ಲ. ಆದರೆ 2023ರಲ್ಲಿ ಆ ಊರಿನ ಹಿಂದಿನ ಸಿಟಿ ಮ್ಯಾನೇಜರ್, ಅದು ಹೊರಗಿನವರ ದಾಳಿ ಅಲ್ಲ, ನಮ್ಮವರದೇ ಕೈತಪ್ಪು ಅಂದರು. ಹೊರಗಿನಿಂದ ನುಗ್ಗಿದ್ದು ಎಫ್‌ಬಿಐ ತನಿಖೆಯಲ್ಲೂ ಖಚಿತವಾಗಲಿಲ್ಲ. ಹಾಗಾಗಿ ಆ ಮೆಸೇಜನ್ನು ಮುಂದೆ ಕಳಿಸಬೇಡಿ.

ಪ್ರಶ್ನೆ: ನಾನು ಗ್ರಾಮ ಪಂಚಾಯಿತಿ ನೀರುಗಂಟಿ. ಬೋರ್‌ವೆಲ್ ಮೋಟರ್‌ಗೆ ಮೊಬೈಲ್ ಸ್ಟಾರ್ಟರ್ ಕೂರಿಸಿದ್ದಾರೆ, ಫೋನ್ ಮಾಡಿದರೆ ಆನ್ ಆಗುತ್ತೆ. ಇಷ್ಟು ಸಣ್ಣದನ್ನೂ ಹ್ಯಾಕ್ ಮಾಡ್ತಾರಾ?
(ಓದುಗರು, ತುಮಕೂರು ಜಿಲ್ಲೆ)

ಉತ್ತರ: ಇರಾನಿನವರು ಬರಲಿಕ್ಕಿಲ್ಲ. ನೀವು ನೋಡಿಕೊಳ್ಳಬೇಕಾದ್ದು ಕೆಲಸ ಬಿಟ್ಟು ಹೋದವರ ಕೈಯಲ್ಲಿ ಉಳಿದ ನಂಬರ್, ಪಾಸ್‌ವರ್ಡ್. ಆಸ್ಟ್ರೇಲಿಯಾದ ಮರೂಚಿ ಎಂಬಲ್ಲಿ 2000ರಲ್ಲಿ ಹೀಗೇ ಆಯಿತು. ಒಳಚರಂಡಿ ಪಂಪುಗಳ ವ್ಯವಸ್ಥೆ ಕೂರಿಸಿದ ಕಂಪನಿಯಲ್ಲಿ ಕೆಲಸ ಮಾಡಿ ಬಿಟ್ಟವನೊಬ್ಬ, ಊರಿನ ಕೌನ್ಸಿಲ್ ಕೆಲಸ ಕೊಡಲಿಲ್ಲ ಅಂತ, ಕಾರಿನಲ್ಲಿ ಲ್ಯಾಪ್‌ಟಾಪ್, ರೇಡಿಯೋ ಇಟ್ಟುಕೊಂಡು ಪಂಪುಗಳಿಗೆ ಸುಳ್ಳು ಆದೇಶ ಕಳಿಸಿದ. ಸುಮಾರು 8 ಲಕ್ಷ ಲೀಟರ್ ಕೊಳಚೆ ಪಾರ್ಕಿಗೆ, ಹಳ್ಳಕ್ಕೆ ನುಗ್ಗಿತು. ಪಂಪುಗಳೇ ಕೆಟ್ಟಿವೆ ಅಂದುಕೊಂಡು ಸಿಬ್ಬಂದಿ ಎಷ್ಟೋ ದಿನ ಸುಮ್ನೆ ರಿಪೇರಿಗೆ ಓಡಾಡಿದರು.

ನಿಮ್ಮ ಸ್ಟಾರ್ಟರ್ ಯಾರ ಕರೆಗೆ ಓಗೊಡುತ್ತದೆ ಅಂತ ಮೊದಲು ನೋಡಿ. ಬೇರೆ ಫೋನಿನಿಂದ ಕರೆ ಮಾಡಿದಾಗಲೂ ಮೋಟರ್ ಓಡಿದರೆ ಕೂರಿಸಿದವರನ್ನು ಕರೆಸಿ ನಿಮ್ಮ ಮತ್ತು ಪಿಡಿಒ ನಂಬರ್ ಮಾತ್ರ ಸೇರಿಸಿಕೊಳ್ಳಿ. ಹಳಬರ ನಂಬರ್ ತೆಗೆಸಿ. ಪಾಸ್‌ವರ್ಡ್ ಇದ್ದರೆ ಬದಲಿಸಿ. ನಾನು ಒಮ್ಮೆ ನೋಡಿದ ಪಂಪ್‌ಹೌಸ್‌ನಲ್ಲಿ ಪ್ಯಾನೆಲ್ ಬಾಗಿಲ ಒಳಗಡೆ ಪಾಸ್‌ವರ್ಡ್ ಮಾರ್ಕರ್‌ನಲ್ಲಿ ದಪ್ಪಗೆ ಬರೆದಿತ್ತು, ಬಾಗಿಲಿಗೆ ಬೀಗವೂ ಇರಲಿಲ್ಲ.

ಟ್ಯಾಂಕಿನ ಫ್ಲೋಟ್ ಸ್ವಿಚ್, ಮೋಟರಿನ ಡ್ರೈ ರನ್ ತಡೆ ಇವೆರಡನ್ನೂ ತಪ್ಪದೆ ಹಾಕಿಸಿ. ಯಾರು ಆನ್ ಮಾಡಿದರೂ ಬೋರ್ ಬತ್ತಿದಾಗ ಮೋಟರ್ ಸುಡುವುದಿಲ್ಲ, ತುಂಬಿದ ಟ್ಯಾಂಕ್ ಉಕ್ಕುವುದಿಲ್ಲ. ಇವಕ್ಕೆ ಸಿಮ್ ಬೇಡ, ಇಂಟರ್ನೆಟ್ ಬೇಡ, ಹಾಗಾಗಿ ದೂರ ಕೂತವರಿಗೆ ಇವು ಸಿಗುವುದಿಲ್ಲ. ತಿಂಗಳಿಗೊಂದು ಸಲ ಮೊಬೈಲ್ ಪಕ್ಕಕ್ಕಿಟ್ಟು ಕೈಯಿಂದಲೇ ಸ್ಟಾರ್ಟ್ ಮಾಡಿ, ವಾಲ್ವ್ ತಿರುಗಿಸಿ ನೋಡಿ, ಜೊತೆಗೆ ಇನ್ನೊಬ್ಬರಿಗೂ ಕಲಿಸಿ. ಸ್ಟಾರ್ಟರ್ ಸಿಮ್‌ನ ನಂಬರನ್ನು ಪಂಪ್‌ಹೌಸ್ ಗೋಡೆಯ ಮೇಲೆ ಬರೆದಿದ್ದರೆ ಇವತ್ತೇ ಸುಣ್ಣ ಬಳಿದುಬಿಡಿ.